ಯುದ್ಧನೌಕೆಗಳ ಹೆಚ್ಚುವರಿ ದಾಸ್ತಾನು: ಮರಳಿಸುವ ದಾರಿ ಸುಲಭವಾಗಲಿ

ಸಂಪಾದಕರಿಗೆ,

ಮಾನ್ಯರೇ,

ಕಾರವಾರದ ನೌಕಾನೆಲೆಯ ವಿಸ್ತರಣೆ, ಅಲ್ಲಿನ ಹೊಸ ಜೆಟ್ಟಿಗಳು, ಅಲ್ಲಿಗೆ ಬಂದು ನಿಲ್ಲುವ ಹಡಗುಗಳು ಇವುಗಳ ಕುರಿತ ವರದಿಗಳನ್ನು ತಮ್ಮ ಪತ್ರಿಕೆಯಲ್ಲಿ ಆಗಾಗ ಓದುತ್ತಿರುತ್ತೇನೆ. ಕರಾವಳಿಯವನಾದ ನನಗೆ ಅವುಗಳಿಂದ ಹೆಮ್ಮೆಯಾಗುತ್ತದೆ. ಆದರೆ ಹಡಗಿನ ಉದ್ದವೆಷ್ಟು, ಅದರ ಮೇಲಿನ ಕ್ಷಿಪಣಿ ಯಾವುದು ಎಂಬಲ್ಲಿಗೆ ನಮ್ಮೆಲ್ಲರ ಕುತೂಹಲ ನಿಂತುಬಿಡುತ್ತದೆ. ಅದರ ಹೊಟ್ಟೆಯೊಳಗೆ ಏನೇನು ಪೇರಿಸಿಟ್ಟಿದ್ದಾರೆ, ಅದರಲ್ಲಿ ಬೇಕಾದದ್ದೆಷ್ಟು, ಬೇಡವಾಗಿಯೂ ಉಳಿದದ್ದೆಷ್ಟು ಎಂದು ಕೇಳುವವರು ಕಡಿಮೆ. ಮುಂಬೈಯ ಮಲಾಡ್ ಬಳಿಯ ಐಎನ್‌ಎಸ್ ಹಮ್ಲಾದಲ್ಲಿ ತರಬೇತಿ ಪಡೆದು, ನೌಕಾಪಡೆಯ ಸ್ಟೋರ್ಸ್ ವಿಭಾಗದಲ್ಲಿ ಹದಿನೈದು ವರ್ಷ ದುಡಿದು ಊರಿಗೆ ಮರಳಿದ ನನ್ನನ್ನು ಈ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ. ಇಲ್ಲಿ ನಾನು ಬರೆಯುತ್ತಿರುವುದರಲ್ಲಿ ಗುಟ್ಟಿನ ಸಂಗತಿ ಯಾವುದೂ ಇಲ್ಲ. ಸರ್ಕಾರಗಳೇ ಪ್ರಕಟಿಸಿದ ಮಾಹಿತಿ ಮತ್ತು ಉಗ್ರಾಣದ ಕೆಲಸ ಮಾಡಿದ ಯಾರಿಗಾದರೂ ಗೊತ್ತಿರುವ ಅನುಭವ ಮಾತ್ರ ಇದೆ.

ಮೊದಲು ಪ್ರಮಾಣದ ಮಾತು. ಕಾರವಾರವನ್ನು ತನ್ನ ತವರು ನೆಲೆ ಮಾಡಿಕೊಂಡಿರುವ ವಿಮಾನವಾಹಕ ನೌಕೆ ವಿಕ್ರಮಾದಿತ್ಯ 2013ರಲ್ಲಿ ಸೇವೆಗೆ ಸೇರಿದಾಗ ಸರ್ಕಾರ ಹೊರಡಿಸಿದ ಪ್ರಕಟಣೆಯ ಪ್ರಕಾರ, ಅದರಲ್ಲಿರುವ 1,600ಕ್ಕೂ ಹೆಚ್ಚು ಮಂದಿಗೆ ತಿಂಗಳಿಗೆ ಹತ್ತಿರ ಹತ್ತಿರ 1 ಲಕ್ಷ ಮೊಟ್ಟೆ, 20,000 ಲೀಟರ್ ಹಾಲು ಮತ್ತು 16 ಟನ್ ಅಕ್ಕಿ ಬೇಕು. ಪೂರ್ತಿ ಸಾಮಾನು ತುಂಬಿಕೊಂಡು ಹೊರಟರೆ ಸುಮಾರು 45 ದಿನ ದಡದ ಹಂಗಿಲ್ಲದೆ ಸಮುದ್ರದಲ್ಲಿರಬಹುದು. 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ಹೊಸ ವಿಕ್ರಾಂತ್‌ನಲ್ಲಿ ಸುಮಾರು 2,300 ಕೋಣೆಗಳಿವೆ. ಅಕ್ಕಿ ಮೊಟ್ಟೆಯ ಲೆಕ್ಕ ಸುಲಭ. ಅವು ತಿಂದರೆ ಮುಗಿಯುತ್ತವೆ, ತಿನ್ನದಿದ್ದರೆ ಹಾಳಾಗಿ ತಾವೇ ಕಣ್ಣಿಗೆ ಬೀಳುತ್ತವೆ. ಹಿಟ್ಟಿನ ಚೀಲಕ್ಕೆ ಹುಳ ಬಿದ್ದರೆ ಮರುದಿನವೇ ಹಡಗಿನ ಅಡುಗೆಮನೆಯಾದ ಗ್ಯಾಲಿಯಿಂದ ದೂರು ಬರುತ್ತದೆ. ಕಷ್ಟವಿರುವುದು ಬಿಡಿಭಾಗಗಳಲ್ಲಿ. ಬೇರಿಂಗು, ವಾಲ್ವು, ಗ್ಯಾಸ್ಕೆಟ್, ಸೀಲು, ಫ್ಯೂಸು, ಸರ್ಕ್ಯೂಟ್ ಕಾರ್ಡು, ಒ-ರಿಂಗು ಹೀಗೆ ಸಾವಿರಾರು ಬಗೆಯ ಸಣ್ಣ ವಸ್ತುಗಳು ಹಡಗಿನ ಮೂಲೆಮೂಲೆಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿರುತ್ತವೆ, ಯಾರೂ ದೂರುವುದಿಲ್ಲ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನಾನಿದ್ದ ಹಡಗೊಂದು ದೊಡ್ಡ ದುರಸ್ತಿಗೆಂದು ರೀಫಿಟ್‌ಗೆ ಹೋಗುವ ಮುನ್ನ ಕೋಣೆಗಳನ್ನೆಲ್ಲ ಖಾಲಿ ಮಾಡುತ್ತಿದ್ದೆವು. ವರ್ಕ್‌ಶಾಪಿನ ಒಂದು ಮೂಲೆಯಲ್ಲಿ, ಗೋಡೆಯ ತಗಡಿನ ಹಿಂದೆ, ಹಳೆಯ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಮೇಲೆ ಬಣ್ಣ ಬಳಿದು ಬಳಿದು ಮುಚ್ಚಳದ ಸಂದಿಯೇ ಮುಚ್ಚಿಹೋಗಿತ್ತು. ಉಳಿಯಿಂದ ಮೀಟಿ ತೆಗೆದೆವು. ಒಳಗೆ ಎಣ್ಣೆಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟ ಪಂಪಿನ ಸೀಲುಗಳು, ಎಣಿಸಿದರೆ 41. ಯಾವ ಲೆಡ್ಜರಿನಲ್ಲೂ ಅವುಗಳ ನಮೂದು ಇರಲಿಲ್ಲ. ಒಂದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಬಾಗಿಸಿದೆ, ಅದರ ರಬ್ಬರು ಒಣ ಚಕ್ಕುಲಿಯಂತೆ ಪಟ್ಟನೆ ಮುರಿಯಿತು. ನನಗೆ ಹೆಚ್ಚು ನೋವಾದದ್ದು ಆಮೇಲೆ. ಅದೇ ಮಾದರಿಯ ಸೀಲಿಗಾಗಿ ನಮ್ಮಿಂದ ಎರಡು ಹಡಗಿನಾಚೆ ಕಟ್ಟಿದ್ದ ಇನ್ನೊಂದು ಹಡಗು ಏಳು ತಿಂಗಳಿಂದ ಕಾಯುತ್ತಿತ್ತು, ಅದರ ಒಂದು ಪಂಪು ಅಷ್ಟೂ ಕಾಲ ನಿಂತಿತ್ತು. ನಡೆದು ಹೋದರೆ ಐದು ನಿಮಿಷದ ದಾರಿ.

ಆ ಪೆಟ್ಟಿಗೆಯನ್ನು ಬಚ್ಚಿಟ್ಟವರು ಯಾರೆಂದು ನನಗೆ ತಿಳಿಯದು, ತಿಳಿದರೂ ದೂರಲಾರೆ. ಅವರು ಕದಿಯಲು ಬಚ್ಚಿಟ್ಟದ್ದಲ್ಲ, ಸಮುದ್ರದ ನಡುವೆ ಪಂಪು ನಿಂತರೆ ನನ್ನ ಹಡಗು ಕೈಚೆಲ್ಲಿ ಕೂರಬಾರದು ಎಂದು ಬಚ್ಚಿಟ್ಟದ್ದು. ನಮ್ಮ ಉತ್ತರ ಕನ್ನಡದ ಮನೆಗಳಲ್ಲಿ ಮಳೆಗಾಲ ಹಿಡಿಯುವ ಮೊದಲೇ ಒಣಮೀನು, ಹಪ್ಪಳ, ಉಪ್ಪಿನಕಾಯಿ, ಕಟ್ಟಿಗೆ ಎಲ್ಲವನ್ನೂ ಅಟ್ಟಕ್ಕೇರಿಸುವ ರೂಢಿ ಇದೆಯಲ್ಲ, ಹಡಗಿನವರ ಮನಸ್ಸೂ ಅದೇ. ಹೊಳೆ ತುಂಬಿದ ಮೇಲೆ ಪೇಟೆಗೆ ಹೋಗಲಾಗದು ಎಂಬುದು ನಮ್ಮ ತಾಯಂದಿರಿಗೆ ಅನುಭವದಿಂದ ಗೊತ್ತಿತ್ತು. 2008ರ ಅಕ್ಟೋಬರಿನಿಂದ ನಮ್ಮ ನೌಕಾಪಡೆ ಕಡಲ್ಗಳ್ಳರ ವಿರುದ್ಧ ಏಡನ್ ಕೊಲ್ಲಿಯಲ್ಲಿ ಹಡಗುಗಳನ್ನು ಇರಿಸುತ್ತ ಬಂದಿದೆ. ಅಲ್ಲಿ ಇಂಧನವನ್ನು ಟ್ಯಾಂಕರ್ ಹಡಗು ಬಂದು ತುಂಬಿಸೀತು, ಆದರೆ ಬೇಕಾದ ಒಂದೇ ಒಂದು ಸೀಲನ್ನು ಆ ಗಳಿಗೆಯಲ್ಲಿ ಯಾರು ತಂದುಕೊಟ್ಟಾರು?

ಈ ಭಯಕ್ಕೆ ಇತಿಹಾಸದ ಬೇರೂ ಇದೆ, ಅದನ್ನು ಮರೆತು ಕೇವಲ ಶಿಸ್ತಿನ ಪಾಠ ಹೇಳುವುದು ಅನ್ಯಾಯವಾದೀತು. ರಜಪೂತ್ ವರ್ಗದ ಐದು ವಿಧ್ವಂಸಕ ನೌಕೆಗಳು ಸೋವಿಯತ್ ಒಕ್ಕೂಟದ ನಿಕೊಲಾಯೆವ್ ಪಟ್ಟಣದಲ್ಲಿ ನಿರ್ಮಾಣವಾದವು. 1991ರಲ್ಲಿ ಆ ಒಕ್ಕೂಟವೇ ಒಡೆಯಿತು. ಹಡಗು ಕಟ್ಟಿದ ಊರು ಉಕ್ರೇನಿಗೆ ಸೇರಿತು, ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಬೇರೆ ಬೇರೆ ದೇಶಗಳ ಪಾಲಾದವು. ಯಾರಿಗೆ ಪತ್ರ ಬರೆಯಬೇಕು, ಯಾರಿಗೆ ಹಣ ಕಟ್ಟಬೇಕು ಎಂಬುದೇ ತಿಳಿಯದ ಆ ವರ್ಷಗಳಲ್ಲಿ ಸೇವೆ ಸಲ್ಲಿಸಿದ ಹಿರಿಯ ಚೀಫ್‌ಗಳು ನಮ್ಮಂಥ ಹುಡುಗರಿಗೆ ಕಲಿಸಿದ ಮೊದಲ ಪಾಠ, ‘ಸಿಕ್ಕಾಗ ಇಟ್ಟುಕೋ’ ಎಂಬುದು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಆ ಪಾಠಕ್ಕೆ ಮತ್ತೆ ಜೀವ ಬಂತು. ಏಕೆಂದರೆ ನಮ್ಮ ಹಲವು ದೊಡ್ಡ ಯುದ್ಧನೌಕೆಗಳನ್ನು ಓಡಿಸುವ ಗ್ಯಾಸ್ ಟರ್ಬೈನ್‌ಗಳು ಅದೇ ಊರಿನ ಜೋರ್ಯಾ ಕಾರ್ಖಾನೆಯವು. ಹೀಗಿರುವಾಗ ‘ಅಗತ್ಯಕ್ಕಿಂತ ಹೆಚ್ಚು ಇಡಬೇಡಿ’ ಎಂಬ ಸುತ್ತೋಲೆಯೊಂದನ್ನು ಕಳಿಸಿದರೆ ಕೆಲಸವಾಗುತ್ತದೆಯೇ?

ಆದರೂ ಸಂಗ್ರಹ ಬೇರೆ, ಲೆಕ್ಕಕ್ಕೆ ಸಿಗದ ಸಂಗ್ರಹ ಬೇರೆ. ನನ್ನ ತಕರಾರು ಎರಡನೆಯದರ ಬಗ್ಗೆ. ಲೆಡ್ಜರಿನಲ್ಲಿರುವ ಹೆಚ್ಚುವರಿ ಮಾಲನ್ನು ದಡದ ಉಗ್ರಾಣವಾದ ಡಿಪೊದವರು ಕಂಪ್ಯೂಟರಿನಲ್ಲಿ ನೋಡಿ ಬೇರೆ ಹಡಗಿಗೆ ಕೊಡಿಸಬಹುದು. ತಗಡಿನ ಹಿಂದೆ, ಬಂಕಿನ ಕೆಳಗೆ, ಖಾಲಿ ಬಣ್ಣದ ಡಬ್ಬದೊಳಗೆ ಕುಳಿತ ಮಾಲು ಯಾರ ಪಾಲಿಗೂ ಇಲ್ಲ. ಅದನ್ನು ಬಚ್ಚಿಟ್ಟವನಿಗೆ ವರ್ಗವಾದ ಮೇಲೆ ಅವನ ಹಡಗಿನ ಪಾಲಿಗೂ ಇಲ್ಲ.

ಅಂಥ ಮಾಲು ಹುಟ್ಟುವ ಬಗೆಯನ್ನು ಹೇಳಿದರೆ ಓದುಗರಿಗೆ ಅರ್ಥವಾದೀತು. ಇಂಡೆಂಟ್ (ಬೇಡಿಕೆ ಪತ್ರ) ಹಾಕಿದ ವಸ್ತು ಬರುವುದು ತಡವಾಗುತ್ತದೆ. ಕೆಲಸ ನಿಲ್ಲಬಾರದೆಂದು ಪಕ್ಕದ ಹಡಗಿನಿಂದ ಸಾಲ ತಂದು ಕೆಲಸ ಮುಗಿಸುತ್ತಾರೆ. ಆಮೇಲೆ ಇಂಡೆಂಟಿನ ಮಾಲೂ ಬರುತ್ತದೆ. ಅಷ್ಟರಲ್ಲಿ ಸಾಲ ಕೊಟ್ಟ ಹಡಗು ಎಲ್ಲಿಗೋ ಹೋಗಿರುತ್ತದೆ, ಸಾಲ ಕೊಟ್ಟವನೂ ವರ್ಗವಾಗಿರುತ್ತಾನೆ. ರೀಫಿಟ್‌ನಲ್ಲಿ ಒಂದು ಯಂತ್ರಕ್ಕೆ ಇಡೀ ಸೆಟ್ಟನ್ನೇ ತರಿಸಿ, ಬೇಕಾದ ಎಂಟು ಭಾಗ ಬಳಸಿ ಉಳಿದ ಹನ್ನೆರಡನ್ನು ‘ಇರಲಿ, ಬೇಕಾದೀತು’ ಎಂದು ಡ್ರಾಯರಿಗೆ ಹಾಕುತ್ತಾರೆ. ಮಾರ್ಚ್ ತಿಂಗಳ ಕೊನೆಯಲ್ಲಿ ಅನುದಾನ ಮುಗಿಸುವ ಆತುರ ನಮ್ಮ ಪಂಚಾಯಿತಿಗಳಿಗೆ ಮಾತ್ರ ಇರುವ ಕಾಯಿಲೆಯಲ್ಲ. ಹೀಗೆ ಕೈಗೆ ಬಂದ ಮಾಲನ್ನು ಪ್ರಾಮಾಣಿಕವಾಗಿ ಹಿಂದಿರುಗಿಸಲು ಹೋದರೆ ಏನಾಗುತ್ತದೆ ಎಂಬುದೇ ಇಡೀ ಸಮಸ್ಯೆಯ ಗಂಟು. ಲೆಕ್ಕದಲ್ಲಿ ಕೊರತೆ ಬಂದರೆ ವಿವರಣೆ ಕೇಳುವುದು ಸಹಜ. ಆದರೆ ಹೆಚ್ಚು ಬಂದರೂ ವಿವರಣೆ ಕೇಳುತ್ತಾರೆ. ಇದು ಎಲ್ಲಿಂದ ಬಂತು, ಯಾವ ವೋಚರಿನದು, ಅದರ ದಾಖಲೆ ಎಲ್ಲಿ, ಪ್ಯಾಕಿಂಗ್ ಏಕೆ ಒಡೆದಿದೆ, ಇಷ್ಟು ದಿನ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಕೂರುವ ಬದಲು ಪೆಟ್ಟಿಗೆಯನ್ನು ತಗಡಿನ ಹಿಂದೆ ತಳ್ಳುವುದು ಯಾವ ಸ್ಟೋರ್ ಕೀಪರನಿಗಾದರೂ ಸುಲಭ. ಮುಂದೆ ಎಂದಾದರೂ ಕೊರತೆ ಕಂಡುಬಂದರೆ ಅದರಿಂದಲೇ ತುಂಬಿಸಿಕೊಳ್ಳಬಹುದು ಎಂಬ ಧೈರ್ಯವೂ ಅದರಲ್ಲಿದೆ.

ಇದರಿಂದ ಆಗುವ ಕೇಡು ಆ ಪೆಟ್ಟಿಗೆಯ ಬೆಲೆಯಷ್ಟೇ ಅಲ್ಲ. ಡಿಪೊದವರು ಮುಂದಿನ ವರ್ಷ ಎಷ್ಟು ಖರೀದಿಸಬೇಕೆಂದು ನಿರ್ಧರಿಸುವುದು ಹಡಗುಗಳಿಂದ ಬಂದ ಬೇಡಿಕೆಯನ್ನು ನೋಡಿ. ಹಡಗು ಹತ್ತು ಕೇಳಿ ಎರಡು ಬಳಸಿ ಎಂಟನ್ನು ಬಚ್ಚಿಟ್ಟರೆ, ಕಾಗದದ ಮೇಲೆ ಹತ್ತೂ ಖರ್ಚಾದಂತೆ ಕಾಣುತ್ತದೆ, ಮತ್ತೆ ಹತ್ತು ತರಿಸುತ್ತಾರೆ. ಇನ್ನೊಂದು ವರ್ಷ ಹಡಗು ಬಚ್ಚಿಟ್ಟದ್ದನ್ನೇ ಬಳಸಿ ಏನನ್ನೂ ಕೇಳದಿದ್ದರೆ, ಈ ವಸ್ತುವಿಗೆ ಬೇಡಿಕೆಯೇ ಇಲ್ಲವೆಂದು ಖರೀದಿ ನಿಲ್ಲುತ್ತದೆ. ಒಂದೇ ವಸ್ತು ಒಂದು ಕಡೆ ಕೊಳೆಯುವುದೂ ಇನ್ನೊಂದು ಕಡೆ ಸಿಗದಿರುವುದೂ ಹೀಗೆಯೇ.

ಇದು ನಮ್ಮಲ್ಲಿ ಮಾತ್ರ ಇರುವ ದೋಷವೆಂದು ಯಾರೂ ಕೀಳರಿಮೆ ಪಡಬೇಕಿಲ್ಲ. ಜಗತ್ತಿನ ಅತಿ ಶ್ರೀಮಂತ ನೌಕಾಪಡೆಯಾದ ಅಮೆರಿಕದ್ದನ್ನೇ ನೋಡೋಣ. ಅಲ್ಲಿನ ಸಂಸತ್ತಿನ ಪರವಾಗಿ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, 2004ರಿಂದ 2007ರವರೆಗೆ ಆ ನೌಕಾಪಡೆಯ ಬಳಿ ವರ್ಷಕ್ಕೆ ಸರಾಸರಿ 1,870 ಕೋಟಿ ಡಾಲರ್ ಬೆಲೆಯ ಬಿಡಿಭಾಗಗಳ ದಾಸ್ತಾನಿತ್ತು, ಅದರಲ್ಲಿ ಸುಮಾರು 750 ಕೋಟಿ ಡಾಲರಿನಷ್ಟು, ಅಂದರೆ ಶೇ 40ರಷ್ಟು, ಆಗಿನ ಅಗತ್ಯಕ್ಕಿಂತ ಹೆಚ್ಚಿನದಾಗಿತ್ತು. ಬೇಡಿಕೆಯ ಅಂದಾಜು ತಪ್ಪಿದ್ದೇ ಮುಖ್ಯ ಕಾರಣಗಳಲ್ಲೊಂದು ಎಂದು ಆ ವರದಿ ಹೇಳಿತು. ಅದಾಗಿ ಹತ್ತು ವರ್ಷದ ಮೇಲೆ, ಅಲ್ಲಿನ ರಕ್ಷಣಾ ಇಲಾಖೆಯ ಮೊದಲ ಸಮಗ್ರ ಲೆಕ್ಕಪರಿಶೋಧನೆಯ ಕಾಲದಲ್ಲಿ, ಜಾಕ್ಸನ್‌ವಿಲ್ ನೆಲೆಯಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಗೋದಾಮೇ ಪತ್ತೆಯಾಯಿತು. ಒಳಗಿದ್ದದ್ದು 12.6 ಕೋಟಿ ಡಾಲರ್ ಬೆಲೆಯ ವಿಮಾನದ ಬಿಡಿಭಾಗಗಳು. ಅವನ್ನು ಲೆಕ್ಕಕ್ಕೆ ಸೇರಿಸಿದ ಕೆಲವೇ ವಾರಗಳಲ್ಲಿ ಸುಮಾರು 2 ಕೋಟಿ ಡಾಲರಿನಷ್ಟು ಭಾಗಗಳಿಗೆ ಬೇಡಿಕೆ ಬಂತು. ಅಷ್ಟು ಕಾಲ ವಿಮಾನಗಳು ಆ ಭಾಗಗಳಿಲ್ಲದೆ ನೆಲ ಬಿಟ್ಟೇಳದೆ ನಿಂತಿದ್ದವು. ನೌಕಾ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಥಾಮಸ್ ಮೋಡ್ಲಿ ಅವರು ಇದನ್ನು ಮುಚ್ಚಿಡದೆ ಪತ್ರಕರ್ತರ ಮುಂದೆ ಹೇಳಿದರು. ಗೋದಾಮು ಸಿಕ್ಕಿದ್ದಕ್ಕಿಂತ ಅದನ್ನು ಹೀಗೆ ಬಹಿರಂಗವಾಗಿ ಹೇಳಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮ 41 ಸೀಲುಗಳ ಕತೆಯೂ ಅದೇ, ಅಳತೆ ಮಾತ್ರ ಬೇರೆ.

ಹಡಗಿನ ಮೇಲೆ ಬೇಡದ ಸಾಮಾನು ಉಳಿದರೆ ಹಣ ಮಾತ್ರ ಹೋಗುವುದಿಲ್ಲ. ದಡದ ಗೋದಾಮಿನಲ್ಲಿ ಹೆಚ್ಚುವರಿ ಮಾಲು ಜಾಗ ತಿನ್ನುತ್ತದೆ, ಹಡಗಿನಲ್ಲಿ ಅದು ಹಡಗನ್ನೇ ತಿನ್ನಬಹುದು. ಮೇಲಿನ ಅಂತಸ್ತುಗಳಲ್ಲಿ ಸೇರುತ್ತ ಹೋಗುವ ತೂಕ ಹಡಗಿನ ಸಮತೋಲಕ್ಕೆ ಒಳ್ಳೆಯದಲ್ಲ. ನೀರು ನುಗ್ಗಿದಾಗ, ಬೆಂಕಿ ಬಿದ್ದಾಗ ಓಡಬೇಕಾದ ದಾರಿಯಲ್ಲಿ ಪೆಟ್ಟಿಗೆಗಳಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. 2020ರ ಜುಲೈ 12ರಂದು ಸ್ಯಾನ್ ಡಿಯಾಗೊ ಬಂದರಿನಲ್ಲಿ ದುರಸ್ತಿಗೆಂದು ನಿಂತಿದ್ದ ಅಮೆರಿಕದ ಬೋನಮ್ ರಿಚರ್ಡ್ ಎಂಬ ದೊಡ್ಡ ಯುದ್ಧನೌಕೆಗೆ ಬೆಂಕಿ ಬಿದ್ದದ್ದು ವಾಹನಗಳನ್ನು ನಿಲ್ಲಿಸುವ ಕೆಳ ಅಂತಸ್ತಿನಲ್ಲಿ. ದುರಸ್ತಿಯ ಕಾಲದಲ್ಲಿ ಆ ಜಾಗವನ್ನು ಉಗ್ರಾಣದಂತೆ ಬಳಸಲಾಗಿತ್ತು, ದಪ್ಪ ರಟ್ಟಿನ ದೊಡ್ಡ ಪೆಟ್ಟಿಗೆಗಳು, ಮರದ ಸಾಮಾನು, ಇತರ ಸರಕು ಅಲ್ಲಿ ತುಂಬಿತ್ತು. ಬೆಂಕಿ ನಾಲ್ಕು ದಿನಕ್ಕೂ ಹೆಚ್ಚು ಉರಿಯಿತು. ಕೊನೆಗೆ ದುರಸ್ತಿ ಮಾಡುವುದು ದುಬಾರಿಯೆಂದು ಮರುವರ್ಷ ಹಡಗನ್ನೇ ಸೇವೆಯಿಂದ ತೆಗೆದರು. ಬೆಂಕಿ ಹೇಗೆ ಹತ್ತಿತು ಎಂಬುದರ ಚರ್ಚೆ ಬೇರೆ. ಹತ್ತಿದ ಬೆಂಕಿಗೆ ಅಲ್ಲಿ ಬೇಕಾದಷ್ಟು ಆಹಾರವಿತ್ತು ಎಂಬುದಂತೂ ನಿಜ.

ಇನ್ನೊಂದು ಬಗೆಯ ಹೆಚ್ಚುವರಿ ಇದೆ, ಅದನ್ನು ಯಾರೂ ಬಚ್ಚಿಡುವುದಿಲ್ಲ, ಕಾಲವೇ ತಂದಿಡುತ್ತದೆ. ನೌಕಾಪಡೆಯ ಸೀ ಹ್ಯಾರಿಯರ್ ವಿಮಾನಗಳು 2016ರಲ್ಲಿ ನಿವೃತ್ತವಾದವು, ಅವನ್ನು ಹೊತ್ತಿದ್ದ ವಿರಾಟ್ 2017ರ ಮಾರ್ಚಿನಲ್ಲಿ ನಿವೃತ್ತವಾಯಿತು. ಅಂಥ ದಿನ ಬಂದಾಗ ನಿನ್ನೆಯವರೆಗೆ ಚಿನ್ನದಂತೆ ಕಾಪಾಡಿದ ಬಿಡಿಭಾಗ ಗುಜರಿಗೆ ಸಮನಾಗಿಬಿಡುತ್ತದೆ. ಆದರೆ ಎಲ್ಲ ನಿವೃತ್ತಿಯೂ ಹಾಗಲ್ಲ. ರಜಪೂತ್ ವರ್ಗದ ರಂಜಿತ್ 2019ರಲ್ಲಿಯೂ ರಜಪೂತ್ 2021ರಲ್ಲಿಯೂ ಸೇವೆ ಮುಗಿಸಿದಾಗ ಅದೇ ವರ್ಗದ ಉಳಿದ ಹಡಗುಗಳು ಇನ್ನೂ ಸಮುದ್ರದಲ್ಲಿದ್ದವು. ಅಕ್ಕನ ಸೀರೆ ತಂಗಿಗಾಗುವಂತೆ ಹಿರಿಯ ಹಡಗಿನಲ್ಲಿ ಉಳಿದದ್ದು ಕಿರಿಯ ಹಡಗಿಗೆ ಆಗಬೇಕು. ಆಗಬೇಕಾದರೆ ಅದು ಏನು, ಎಷ್ಟು, ಯಾವ ಸ್ಥಿತಿಯಲ್ಲಿದೆ ಎಂಬುದು ಬರಹದಲ್ಲಿರಬೇಕು. ಬರಹದಲ್ಲಿಲ್ಲದ್ದು ಹಡಗಿನ ತಗಡಿನ ಜೊತೆಗೇ ಹರಾಜಿಗೆ ಹೋಗುತ್ತದೆ.

ಪರಿಹಾರವೆಂದರೆ ಇನ್ನೊಂದು ಸಾಫ್ಟ್‌ವೇರ್ ಎಂದು ಈಗಿನವರು ಥಟ್ಟನೆ ಹೇಳುತ್ತಾರೆ. ನೌಕಾಪಡೆಯ ಸ್ಟೋರ್ಸ್ ಲೆಕ್ಕ ಕಂಪ್ಯೂಟರಿಗೆ ಬಂದು ಬಹಳ ಕಾಲವಾಯಿತು. ಅದು ಒಳ್ಳೆಯದೇ, ನಾನೂ ಅದರಲ್ಲಿ ಕೆಲಸ ಮಾಡಿದವನು. ಆದರೆ ತಗಡಿನ ಹಿಂದಿರುವುದನ್ನು ಯಾವ ಕಂಪ್ಯೂಟರೂ ನೋಡಲಾರದು. ಅದನ್ನು ತೆಗೆದು ಮೇಜಿನ ಮೇಲಿಡಲು ಮನುಷ್ಯನಿಗೆ ಮನಸ್ಸು ಬರಬೇಕು. ಆದ್ದರಿಂದ ನನ್ನ ವಿನಂತಿ ಒಂದೇ. ಪ್ರತಿ ಹಡಗು ರೀಫಿಟ್‌ಗೆ ಹೋಗುವ ಮುನ್ನ ಒಂದು ನಿಗದಿತ ಅವಧಿಯಲ್ಲಿ, ಹದಿನೈದು ದಿನವಾದರೂ ಸಾಕು, ಲೆಕ್ಕದಲ್ಲಿಲ್ಲದ ಯಾವ ಬಿಡಿಭಾಗವನ್ನಾದರೂ ಡಿಪೊಗೆ ಹಿಂದಿರುಗಿಸಬಹುದು, ಅದಕ್ಕೆ ವಿವರಣೆ ಕೇಳುವುದಿಲ್ಲ, ಯಾರ ಸೇವಾ ದಾಖಲೆಯಲ್ಲೂ ಅದು ಕಪ್ಪು ಚುಕ್ಕೆಯಾಗುವುದಿಲ್ಲ ಎಂದು ಲಿಖಿತವಾಗಿ ಘೋಷಿಸಬೇಕು. ಮದ್ದುಗುಂಡು, ಸ್ಫೋಟಕ, ಗೋಪ್ಯ ಉಪಕರಣಗಳನ್ನು ಇದರಿಂದ ಹೊರಗಿಡಬೇಕೆಂಬುದನ್ನು ಹೇಳಬೇಕಿಲ್ಲ, ಅವುಗಳ ಲೆಕ್ಕ ಎಂದಿಗೂ ಕಟ್ಟುನಿಟ್ಟಾಗಿಯೇ ಇರಬೇಕು. ಇದರ ಮರೆಯಲ್ಲಿ ಕಳ್ಳತನ ನುಸುಳೀತು ಎಂಬ ಆಕ್ಷೇಪ ಬರಬಹುದು. ಕದಿಯುವವನು ಮಾಲನ್ನು ಡಿಪೊಗೆ ತಂದು ಒಪ್ಪಿಸುವುದಿಲ್ಲ ಎಂಬುದಷ್ಟೇ ಅದಕ್ಕೆ ನನ್ನ ಉತ್ತರ.

ಹಿಂದಿರುಗಿ ಬಂದ ಮಾಲನ್ನು ಡಿಪೊ ಹೇಗೆ ಸ್ವೀಕರಿಸುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಜೆಟ್ಟಿಯಿಂದ ಲಾರಿಯಲ್ಲಿ ಹೊರಟ ಪೆಟ್ಟಿಗೆ ಡಿಪೊದ ಬಾಗಿಲಲ್ಲಿ ಕಾಗದ ಸರಿಯಿಲ್ಲವೆಂದು ಮೂರು ಸಲ ಹಿಂದಕ್ಕೆ ಬಂದರೆ ನಾಲ್ಕನೆಯ ಸಲ ಅದು ಹೋಗುವುದಿಲ್ಲ, ತಗಡಿನ ಹಿಂದಕ್ಕೇ ಹೋಗುತ್ತದೆ. ವಸ್ತುವನ್ನು ಗುರುತಿಸಿ, ಬಳಸಲು ಯೋಗ್ಯವೇ ಎಂದು ಪರೀಕ್ಷಿಸಿ, ಲೆಕ್ಕಕ್ಕೆ ಸೇರಿಸುವ ಕೆಲಸ ಬಲ್ಲ ಇಬ್ಬರು ಮೂವರು ಅನುಭವಿಗಳು ಜೆಟ್ಟಿಗೇ ಬಂದು ಕೂರಬೇಕು. ಭಾಗದ ಸಂಖ್ಯೆ ಅಳಿಸಿಹೋದ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿಯೇ ಇದು ಯಾವ ಪಂಪಿನದೆಂದು ಹೇಳಬಲ್ಲ ನಿವೃತ್ತರು ಕಾರವಾರ, ಅಂಕೋಲಾ, ಕುಮಟಾ ಸುತ್ತಮುತ್ತ ಎಷ್ಟೋ ಜನ ಇದ್ದಾರೆ. ಅವರ ಜೊತೆಗೆ ನಮ್ಮ ಐಟಿಐಗಳಲ್ಲಿ ಕಲಿತ ಹುಡುಗ ಹುಡುಗಿಯರನ್ನು ಸೇರಿಸಿದರೆ ಆ ತಿಳಿವಳಿಕೆ ಮುಂದಿನವರ ಕೈಗೂ ದಾಟುತ್ತದೆ. ರಬ್ಬರು, ಅಂಟು, ಬಣ್ಣ, ಬ್ಯಾಟರಿ ಮುಂತಾದ ಆಯುಷ್ಯ ಮುಗಿಯುವ ವಸ್ತುಗಳನ್ನು ಮೊದಲು ನೋಡಬೇಕು. ಬೇರಿಂಗು ಎಣ್ಣೆಯಲ್ಲಿ ವರ್ಷಗಟ್ಟಲೆ ತಾಳೀತು, ಸೀಲು ತಾಳುವುದಿಲ್ಲ.

ಇದರ ಜೊತೆಗೇ ಹಡಗಿನವರಿಗೆ ಒಂದು ಭರವಸೆ ಬೇಕು. ಹಿಂದಿರುಗಿಸಿದ ವಸ್ತು ಮುಂದೆ ಅದೇ ಹಡಗಿಗೆ ಬೇಕಾದರೆ ಸರದಿಯಲ್ಲಿ ಅದಕ್ಕೇ ಮೊದಲ ಹಕ್ಕು ಎಂಬ ನಿಯಮ ಮಾಡಬಹುದು. ಬ್ಯಾಂಕಿನಲ್ಲಿಟ್ಟ ಹಣ ಬೇಕಾದಾಗ ಸಿಗುತ್ತದೆ ಎಂಬ ನಂಬಿಕೆ ಬಂದ ಮೇಲೆ ತಾನೇ ನಮ್ಮ ಹಿರಿಯರು ಹಣವನ್ನು ಮಡಕೆಯಲ್ಲಿ ಹೂಳುವುದನ್ನು ಬಿಟ್ಟದ್ದು.

ಕಾರವಾರದಿಂದಲೇ ಇದು ಆರಂಭವಾಗಲಿ ಎಂದು ನಾನು ಕೇಳುವುದಕ್ಕೆ ಕಾರಣವಿದೆ. 1986ರ ಅಕ್ಟೋಬರಿನಲ್ಲಿ ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದು, 2005ರ ಮೇ 31ರಂದು ಇಲ್ಲಿನ ನೆಲೆಯಾದ ಐಎನ್‌ಎಸ್ ಕದಂಬ ಸೇವೆಗೆ ಸೇರುವವರೆಗಿನ ಆ ದೀರ್ಘ ಅವಧಿಯಲ್ಲಿ ಈ ತೀರದ ಎಷ್ಟೋ ಊರುಗಳ ಜನ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟುಕೊಟ್ಟು ಹೋಗಿದ್ದಾರೆ. ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯ ಅಲೆದವರನ್ನು ನಾನು ಬಲ್ಲೆ. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ಜೆಟ್ಟಿಯಲ್ಲಿ ಒಂದು ಹಡಗು ಸೀಲಿಗಾಗಿ ಕಾಯುವುದೂ ಅದರ ಪಕ್ಕದ ಹಡಗಿನಲ್ಲಿ ಅದೇ ಸೀಲು ಒಣಗಿ ಪುಡಿಯಾಗುವುದೂ ಆಗಬಾರದು. ಮುಂಬೈ, ವಿಶಾಖಪಟ್ಟಣಗಳಿಗೆ ಹೋಲಿಸಿದರೆ ಕಾರವಾರ ಹೊಸ ನೆಲೆ, ಇನ್ನೂ ಬೆಳೆಯುತ್ತಿರುವ ನೆಲೆ. ಹಳೆಯ ಅಭ್ಯಾಸಗಳು ಗಟ್ಟಿಯಾಗುವ ಮೊದಲು ಹೊಸದನ್ನು ರೂಢಿಸುವುದು ಇಲ್ಲಿ ಸುಲಭ.

ಒಂದು ಹಡಗಿನಲ್ಲಿ, ಒಂದು ರೀಫಿಟ್‌ನ ಮುನ್ನ ಇದನ್ನು ಪ್ರಯೋಗವಾಗಿ ಮಾಡಿ ನೋಡಲಿ. ಹದಿನೈದು ದಿನದಲ್ಲಿ ಹೊರಬಂದ ವಸ್ತುಗಳ ಪಟ್ಟಿಯನ್ನು ಅದೇ ಬಂದರಿನಲ್ಲಿರುವ ಇತರ ಹಡಗುಗಳ ಬಾಕಿ ಇಂಡೆಂಟುಗಳ ಪಕ್ಕದಲ್ಲಿಟ್ಟು ಓದಲಿ. ಎಷ್ಟು ಸಾಲುಗಳು ಒಂದಕ್ಕೊಂದು ಹೊಂದುತ್ತವೆ ಎಂಬುದನ್ನು ನೋಡಿದ ಮೇಲೆ ಮುಂದುವರಿಸಬೇಕೇ ಬೇಡವೇ ಎಂದು ನಿರ್ಧರಿಸಲಿ. ಆ ಪಟ್ಟಿ ಮಾಡಲು ಕರೆದರೆ, ಸಂಬಳವಿಲ್ಲದೆ ಬಂದು ಪೆಟ್ಟಿಗೆ ಬಿಚ್ಚಿ ಎಣಿಸಿಕೊಡಲು ನಾನು ಮತ್ತು ನನ್ನ ಜೊತೆ ಸೇವೆ ಮುಗಿಸಿದ ಈ ಭಾಗದ ಕೆಲವು ಗೆಳೆಯರು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ನಿವೃತ್ತ ನೌಕಾಪಡೆ ಸಿಬ್ಬಂದಿ, ಸ್ಟೋರ್ಸ್ ವಿಭಾಗ
ಕುಮಟಾ, ಉತ್ತರ ಕನ್ನಡ